ಬಿತ್ತುವವನ ತಾಳ್ಮೆ: ಹರ್ಮನ್ ಮೊಗ್ಲಿಂಗ್ ಅವರ ಜೀವನಕಥನ

ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಹರ್ಮನ್ ಮೊಗ್ಲಿಂಗ್ ಅವರ ಹೆಸರು ಪ್ರತಿವರ್ಷ ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಕೇಳಿಬರುತ್ತದೆ. ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದವರ ಸಾಲಿನಲ್ಲಿಯೂ ಅವರ ಹೆಸರು ಮುಂಚಿನದು. ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಅವರನ್ನು ಸಾಧನೆಗಳ ಪಟ್ಟಿಯೊಂದರ ಮೂಲಕ ಪರಿಚಯಿಸಿ ಮುಂದಕ್ಕೆ ಹೋಗುತ್ತವೆ. ಆದರೆ ಮೊಗ್ಲಿಂಗ್ ಕನ್ನಡ ನಾಡಿಗೆ ಬಂದದ್ದು ಪತ್ರಿಕೆ ನಡೆಸುವುದಕ್ಕೂ ಅಲ್ಲ, ಪುರಾಣಗಳನ್ನು ಮುದ್ರಿಸುವುದಕ್ಕೂ ಅಲ್ಲ. ಅವರು ಬಂದದ್ದು ಕ್ರೈಸ್ತ ಧರ್ಮವನ್ನು ಸಾರುವುದಕ್ಕೆ. ಆ ಉದ್ದೇಶದ ಅಳತೆಗೋಲನ್ನು ಹಿಡಿದು ನೋಡಿದರೆ ಅವರ ಇಪ್ಪತ್ತನಾಲ್ಕು ವರ್ಷಗಳ ದುಡಿಮೆಯಲ್ಲಿ ಕೈಗೂಡಿದ್ದಕ್ಕಿಂತ ಕೈಜಾರಿದ್ದೇ ಹೆಚ್ಚು. ಹೀಗೆ ಮತ್ತೆ ಮತ್ತೆ ಸೋತ ವ್ಯಕ್ತಿ ಪ್ರತಿ ಸೋಲಿನ ನಂತರವೂ ಹೊಸದೊಂದು ಕೆಲಸಕ್ಕೆ ಹೇಗೆ ಕೈಹಾಕಿದರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಅವರ ಸಾಹಿತ್ಯಸೇವೆಯನ್ನು ವಿವರಿಸುವುದು ಕಷ್ಟ. ಉತ್ತರ ಅವರ ವಿಶ್ವಾಸದಲ್ಲಿದೆ. ಆ ವಿಶ್ವಾಸದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ ಎಂಬುದನ್ನೂ ಇದರೊಂದಿಗೇ ನೋಡಬೇಕಾಗುತ್ತದೆ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವಶಾಸ್ತ್ರವನ್ನು ಓದಿದರು. ವ್ಯೂರ್ಟೆಂಬರ್ಗ್ ಅಂದಿನ ದಿನಗಳಲ್ಲಿ ಪಯಟಿಸಂ ಎಂದು ಹೆಸರಾದ ಭಕ್ತಿಪರ ಪ್ರೊಟೆಸ್ಟೆಂಟ್ ಚಳವಳಿಯ ನೆಲೆಯಾಗಿತ್ತು. ಚರ್ಚಿನ ವಿಧಿಗಳಿಗಿಂತ ಅಂತರಂಗದ ಪರಿವರ್ತನೆ, ದಿನನಿತ್ಯದ ಬೈಬಲ್ ಪಠನ, ಮೈಮುರಿದು ದುಡಿಯುವ ಶಿಸ್ತು ಈ ಪಂಥಕ್ಕೆ ಮುಖ್ಯವಾದವು. ಬಿತ್ತುವುದು ಮನುಷ್ಯನ ಕೆಲಸ, ಬೆಳೆಸುವುದು ದೇವರ ಕೆಲಸ ಎಂಬ ತಿಳಿವಳಿಕೆ ಅದರ ಜೀವಾಳ. ಫಲ ಕಾಣದಿದ್ದರೆ ಕೆಲಸ ತಪ್ಪಾಯಿತೆಂದು ಪಯಟಿಸ್ಟರು ಎಣಿಸುತ್ತಿರಲಿಲ್ಲ. ಕಾಲ ಇನ್ನೂ ಕೂಡಿಬಂದಿಲ್ಲವೆಂದು ಎಣಿಸುತ್ತಿದ್ದರು. ಕನ್ನಡದ ಓದುಗರಿಗೆ ಇದು ಅಪರಿಚಿತ ಭಾವವೇನೂ ಅಲ್ಲವಾದರೂ, ಫಲಾಪೇಕ್ಷೆಯಿಲ್ಲದ ಕರ್ಮದ ಕಲ್ಪನೆಯೊಂದಿಗೆ ಇದನ್ನು ಸಮೀಕರಿಸುವುದು ಸರಿಯಾಗದು. ಪಯಟಿಸ್ಟರು ಫಲವನ್ನು ಬಯಸುತ್ತಿದ್ದರು, ತೀವ್ರವಾಗಿಯೇ ಬಯಸುತ್ತಿದ್ದರು. ಅದು ತಮ್ಮ ಕಣ್ಣೆದುರೇ ದೊರೆಯಬೇಕೆಂಬ ಹಟವನ್ನು ಮಾತ್ರ ಬಿಟ್ಟಿದ್ದರು.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಈ ಚಳವಳಿಯ ಕೂಸು. ಅದರಲ್ಲಿ ತರಬೇತಿ ಪಡೆಯುತ್ತಿದ್ದವರಲ್ಲಿ ರೈತರ, ಕುಶಲಕರ್ಮಿಗಳ ಮಕ್ಕಳು ಹೆಚ್ಚು. ಮೊಗ್ಲಿಂಗ್ ಅವರಂತೆ ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದವರು ವಿರಳ. ಸಮಿತಿಯ ಅಪ್ಪಣೆಗೆ ಪ್ರಶ್ನೆಯಿಲ್ಲದೆ ತಲೆಬಾಗುವುದು ಮೊಗ್ಲಿಂಗರಿಗೆ ಕೊನೆಯವರೆಗೂ ಸಾಧ್ಯವಾಗದಿದ್ದುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಿರಬಹುದು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆದಿತ್ತು. ಮರುವರ್ಷವೇ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ನೆಲೆಯೂರಿದರು. 1836ರ ಕೊನೆಯಲ್ಲಿ ಮೊಗ್ಲಿಂಗ್ ಅವರನ್ನು ಕೂಡಿಕೊಂಡರು. ಭಾಷೆಯ ಮೊದಲ ಪಾಠಗಳು ನಡೆದಿರುವಾಗಲೇ, 1837ರ ಏಪ್ರಿಲಿನಲ್ಲಿ, ಕೊಡಗು ಹಾಗೂ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ಬಂಡಾಯಗಾರರು ಮಂಗಳೂರನ್ನು ಹಿಡಿದರು. ಕೊಡಗಿನ ಆ ಬಂಡಾಯವನ್ನು ಕುರಿತು ಹದಿನೆಂಟು ವರ್ಷಗಳ ನಂತರ ಮೊಗ್ಲಿಂಗ್ ತಮ್ಮ ‘ಕೂರ್ಗ್ ಮೆಮಾಯರ್ಸ್’ ಗ್ರಂಥದಲ್ಲಿ ಬರೆದರು.

ಮೊದಲ ದೊಡ್ಡ ಆಸೆ ಮತ್ತು ಅದರ ಭಂಗ ಎರಡೂ ಘಟ್ಟದ ಮೇಲಿನ ಬಯಲು ಸೀಮೆಯಲ್ಲಿ ನಡೆದವು. ಧಾರವಾಡ–ಹುಬ್ಬಳ್ಳಿ ಪ್ರದೇಶದಲ್ಲಿ ಮಿಶನ್ನಿನ ಕೆಲಸ ಆರಂಭವಾದಾಗ ಕಾಲಜ್ಞಾನವನ್ನು ನಂಬಿದ್ದ ಲಿಂಗಾಯತ ಗುಂಪುಗಳು ಮಿಶನರಿಗಳನ್ನು ಹುಡುಕಿಕೊಂಡು ಬಂದವು. ಕೃಷ್ಣಾ ತೀರದ ಕೊಡೇಕಲ್ಲಿನಿಂದ ಮಲಪ್ರಭೆಯವರೆಗೆ ಕಾಲಜ್ಞಾನ ವಚನಗಳ ಪ್ರಭಾವ ಎಷ್ಟು ಆಳವಾದುದೆಂಬುದು ರಾಯಚೂರು, ಯಾದಗಿರಿ ಸೀಮೆಯ ಮೌಖಿಕ ಪರಂಪರೆಯನ್ನು ಬಲ್ಲ ಸಂಶೋಧಕರಿಗೆ ಹೊಸದಲ್ಲ. ಧರ್ಮಸಂಸ್ಥಾಪನೆಗಾಗಿ ಒಬ್ಬ ಮಹಾಪುರುಷ ಮರಳಿ ಬರುತ್ತಾನೆ, ಕೆಟ್ಟ ಕಾಲ ಮುಗಿಯುತ್ತದೆ ಎಂಬುದು ಈ ಗುಂಪುಗಳ ನಂಬಿಕೆ. ಕ್ರಿಸ್ತನ ಪುನರಾಗಮನವನ್ನು ಎದುರುನೋಡುತ್ತಿದ್ದ ಪಯಟಿಸ್ಟರಿಗೆ ಈ ಮಾತು ತಮ್ಮದೇ ಮಾತಿನ ಪ್ರತಿಧ್ವನಿಯಂತೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಊರಿಗೆ ಊರೇ ದೀಕ್ಷೆ ಪಡೆಯುವ ದಿನ ಹತ್ತಿರವಾಯಿತೆಂಬ ಉತ್ಸಾಹ ಮೂಡಿತು. 1841ರಲ್ಲಿ ಗದಗ–ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಕ್ರೈಸ್ತ ಒಕ್ಕಲುಗಳಿಗಾಗಿ ವಸಾಹತೊಂದನ್ನು ಹೂಡಿದ್ದೂ ಈ ಉತ್ಸಾಹದ ಕಾಲದಲ್ಲಿಯೇ. ಜನ ಬರಲಿಲ್ಲ, ವಸಾಹತು ಉಳಿಯಲಿಲ್ಲ. ಇಬ್ಬರು ನಿರೀಕ್ಷಕರು ಒಬ್ಬರನ್ನೊಬ್ಬರು ತಪ್ಪಾಗಿ ಓದಿಕೊಂಡ ಪ್ರಸಂಗವಿದು. ಕನ್ನಡದ ಧಾರ್ಮಿಕ ಚರಿತ್ರೆಯಲ್ಲಿ ಇದಕ್ಕೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ.

ಮಲಸಮುದ್ರದ ಕಥೆ ಮುಗಿಯುವ ಮೊದಲೇ ಮೊಗ್ಲಿಂಗ್ ಮಂಗಳೂರಿಗೆ ಮರಳಿದ್ದರು. ಬಯಲು ಸೀಮೆಯ ಅನುಭವದಿಂದ ಅವರು ತಳೆದ ತೀರ್ಮಾನವೆಂದರೆ, ಪರದೇಶಿಗಳ ಬಾಯಿಂದ ಬಂದ ಮಾತು ಈ ನೆಲದಲ್ಲಿ ಬೇರೂರದು, ಈ ನೆಲದವರೇ ಉಪದೇಶಕರಾಗಬೇಕು ಎಂಬುದು. ಬಲ್ಮಠದ ಗುಡ್ಡದ ಮೇಲೆ, ಕಲೆಕ್ಟರ್ ಬ್ಲೇರ್ 1840ರಲ್ಲಿ ಮಿಶನ್ನಿಗೆ ಕೊಟ್ಟ ನಿವೇಶನದಲ್ಲಿ, ಹುಡುಗರ ಶಾಲೆಯನ್ನು ವಹಿಸಿಕೊಂಡರು. ಹುಡುಗರೊಂದಿಗೆ ಅವರಂತೆಯೇ ನೆಲದ ಮೇಲೆ ಕುಳಿತು ಅನ್ನ ಉಂಡರು, ಅವರ ಜೊತೆಯಲ್ಲಿಯೇ ಮಲಗಿದರು. ಬಂಗಲೆ, ಪಲ್ಲಕ್ಕಿ, ಬಟ್ಲರುಗಳ ಆ ಕಾಲದಲ್ಲಿ ಇದು ಸಹೋದ್ಯೋಗಿಗಳಿಗೂ ಇರಿಸುಮುರುಸು ತಂದ ನಡವಳಿಕೆ. ಶಾಲೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. 1841ರಲ್ಲಿ ಸೋದರ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಅವರೊಂದಿಗೆ ಸೇರಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಲಿಪಿಕಾರನು ವಿಶೇಷ ಮಸಿಯಿಂದ ಕಾಗದದ ಮೇಲೆ ಬರೆದುದನ್ನು ಕಲ್ಲಿಗೆ ಇಳಿಸಿ ಪ್ರತಿ ತೆಗೆಯುವ ಈ ವಿಧಾನ, ಅಚ್ಚುಮೊಳೆಗಳಿಲ್ಲದ ಊರಿನಲ್ಲಿ ಕನ್ನಡದ ಕೈಬರಹವನ್ನೇ ಅಚ್ಚಾಗಿಸಿತು.

‘ಮಂಗಳೂರ ಸಮಾಚಾರ’ ಈ ಕಲ್ಲಿನಿಂದಲೇ 1843ರ ಜುಲೈ 1ರಂದು ಹೊರಬಿತ್ತು. ಪಾಕ್ಷಿಕವಾಗಿದ್ದ ಆ ಪತ್ರಿಕೆಯ ಕಥೆ ಸುಪರಿಚಿತ. ಊರಿನ ವರ್ತಮಾನ, ಕಂಪನಿಯ ಕಾಯಿದೆ, ದೇಶಾಂತರದ ಸುದ್ದಿ, ಗಾದೆ, ಹಾಡುಗಳಿಗೆ ಅದರಲ್ಲಿ ಜಾಗವಿತ್ತು. 1844ರಲ್ಲಿ ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯಲ್ಲಿ ಮುದ್ರಣವಾಗತೊಡಗಿತು. ಮಂಗಳೂರಿನಲ್ಲಿ ಅದರ ಆಯುಷ್ಯ ಒಂದು ವರ್ಷವನ್ನೂ ಮುಟ್ಟಲಿಲ್ಲ. ಅದೇ ವರ್ಷದ ಆರಂಭದಲ್ಲಿ ಊರಿನವರೊಂದಿಗಿನ ಮೊಗ್ಲಿಂಗರ ಸಂಬಂಧವೇ ಕದಡಿಹೋದದ್ದನ್ನು ಈ ಸಂದರ್ಭದಲ್ಲಿ ನೆನೆಯಬೇಕು.

1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಹಾಗೂ ಇನ್ನಿಬ್ಬರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಊರು ಸಿಡಿದೆದ್ದಿತು. ಮಿಶನ್ ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದವರು ಹಿಂತೆಗೆದುಕೊಂಡರು. ಏಳೆಂಟು ವರ್ಷಗಳ ಪರಿಶ್ರಮದಿಂದ ಕಟ್ಟಿದ್ದ ನಂಬುಗೆ ಕೆಲವೇ ದಿನಗಳಲ್ಲಿ ಕುಸಿಯಿತು. ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಮಿಶನರಿಗಳ ಜೀವನಚರಿತ್ರೆಗಳು ಈ ಪ್ರಸಂಗವನ್ನು ವಿಶ್ವಾಸದ ವಿಜಯವೆಂಬಂತೆ ಚಿತ್ರಿಸುತ್ತವೆ. ಕೌಂಡಿನ್ಯರ ಮನೆಯವರ ಕಡೆಯಿಂದ ನೋಡಿದರೆ ಅದು ಮಗನನ್ನು ಕಳೆದುಕೊಂಡ ದುಃಖ. ಕೌಂಡಿನ್ಯರ ಎಳೆಯ ಪತ್ನಿ ಬಂಧುಗಳ ಆಸರೆಯಲ್ಲಿಯೇ ಉಳಿಯಬೇಕಾಯಿತು. ಗಂಡನಿದ್ದೂ ಇಲ್ಲದಂತಾದ ಆ ಹೆಣ್ಣಿನ ಪಾಡಿಗೆ ದಾಖಲೆಗಳಲ್ಲಿ ಸಿಕ್ಕಿರುವ ಸ್ಥಳ ಕಿರಿದು. ಕೌಂಡಿನ್ಯರು ತಾವೇ ವಿಚಾರಮಾಡಿ ಆರಿಸಿಕೊಂಡ ಹಾದಿಯಿದು ಎಂಬುದೂ ನಿಜ. ಅವರನ್ನು ಬರಿಯ ಪ್ರಭಾವಕ್ಕೊಳಗಾದ ಹುಡುಗನೆಂದು ಕಾಣುವುದು ಅವರ ಬುದ್ಧಿಗೂ ಧೈರ್ಯಕ್ಕೂ ಅನ್ಯಾಯ. ಮೊಗ್ಲಿಂಗರು ಆ ಯುವಕನಿಗೆ ತಮ್ಮದೇ ಹೆಸರನ್ನಿತ್ತರು. ಹರ್ಮನ್ ಆನಂದರಾವ್ ಕೌಂಡಿನ್ಯರು ಗುರುವಿನೊಂದಿಗೆ ಯುರೋಪಿಗೆ ಹೋದರು. ಬಾಸೆಲ್ಲಿನಲ್ಲಿ ಅಧ್ಯಯನ ಮಾಡಿ, ಬೋಧಕರಾಗಿ 1851ರಲ್ಲಿ ಮಂಗಳೂರಿಗೆ ಮರಳಿದರು. ಯುರೋಪಿಯನ್ ಮಿಶನರಿಗಳಿಗೆ ಸಮಾನವಾದ ಸ್ಥಾನ ಭಾರತೀಯನೊಬ್ಬನಿಗೆ ಸಿಗಬೇಕೆಂಬುದರಲ್ಲಿ ಮೊಗ್ಲಿಂಗರಿಗೆ ಸಂಶಯವಿರಲಿಲ್ಲ. ಈ ವಿಷಯದಲ್ಲಿ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು.

1846ರಲ್ಲಿ ಹಿಂದಿರುಗಿದ ಮೊಗ್ಲಿಂಗ್ ಮರುವರ್ಷ ಬಲ್ಮಠದಲ್ಲಿ ದೇವಶಾಸ್ತ್ರದ ಸೆಮಿನರಿಯನ್ನು ಆರಂಭಿಸಿದರು. 1965ರಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಸ್ಥಾಪನೆಯಾದದ್ದು ಇದೇ ಗುಡ್ಡದ ಮೇಲೆ. ತವರಿನಿಂದ ಬರುತ್ತಿದ್ದ ಸುದ್ದಿ ನೆಮ್ಮದಿಯದಾಗಿರಲಿಲ್ಲ. ತಮ್ಮ ಥಿಯೋಡರ್ ಮೊಗ್ಲಿಂಗ್ 1848–49ರ ಜರ್ಮನ್ ಕ್ರಾಂತಿಯಲ್ಲಿ ಧುಮುಕಿದ್ದರು; ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಸೆರೆಸಿಕ್ಕಿ ವರ್ಷಗಟ್ಟಲೆ ಜೈಲಿನಲ್ಲಿದ್ದರು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಲೋಕವನ್ನು ಪ್ರಜಾಸತ್ತೆಯಿಂದಲೂ ಇನ್ನೊಬ್ಬ ಸುವಾರ್ತೆಯಿಂದಲೂ ತಿದ್ದಹೊರಟಿದ್ದರು.

‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ಹೊರಬಂದದ್ದು ಇದೇ ವರ್ಷಗಳಲ್ಲಿ, 1848ರಿಂದ 1853ರವರೆಗೆ. ಮದ್ರಾಸ್ ಸಿವಿಲ್ ಸರ್ವೀಸಿನಿಂದ ನಿವೃತ್ತರಾಗಿ ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ಗೃಹಸ್ಥರು ಹಣ ಒದಗಿಸಿದರು. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ದಾಸರ ಪದಗಳು, ಕನ್ನಡ ಗಾದೆಗಳು ಈ ಮಾಲೆಯಲ್ಲಿ ಮುದ್ರಣಗೊಂಡವು. ಮಾಲೆ ಆರಂಭವಾದ ಮರುವರ್ಷವೇ, 1849ರಲ್ಲಿ, ಕ್ಯಾಸಮೇಜರ್ ತೀರಿಕೊಂಡರು. ಪೋಷಕನಿಲ್ಲದ ಕೆಲಸ ಅಲ್ಲಿಗೆ ನಿಂತಿದ್ದರೆ ಯಾರೂ ಮೊಗ್ಲಿಂಗರನ್ನು ದೂರುತ್ತಿರಲಿಲ್ಲ. ಅದು ಇನ್ನೂ ನಾಲ್ಕು ವರ್ಷ ನಡೆಯಿತು. ಬಸವಪುರಾಣ 1850ರಲ್ಲಿಯೂ ಚೆನ್ನಬಸವಪುರಾಣ 1851ರಲ್ಲಿಯೂ ಬೆಳಕು ಕಂಡವು. ಅದುವರೆಗೆ ಭಜನೆಯ ಮನೆಗಳಲ್ಲಿ, ಗಾಯಕರ ನಾಲಗೆಯ ಮೇಲೆ ಉಳಿದುಬಂದಿದ್ದ ದಾಸರ ಪದಗಳು ಮೊದಲ ಬಾರಿಗೆ ಪುಸ್ತಕರೂಪ ತಾಳಿದ್ದು 1850ರಲ್ಲಿ.

ಕ್ರೈಸ್ತ ಮಿಶನರಿಯೊಬ್ಬರು ವೀರಶೈವ ಪುರಾಣಗಳನ್ನೂ ಹರಿದಾಸರ ಹಾಡುಗಳನ್ನೂ ಮುದ್ರಿಸಿದ್ದೇಕೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಚಾಲ್ತಿಯಲ್ಲಿವೆ. ಅದು ಶುದ್ಧ ಸಾಹಿತ್ಯಪ್ರೀತಿ ಎನ್ನುವವರು ಒಂದು ಕಡೆ. ಎದುರಾಳಿಯನ್ನು ಅರಿತು ಗೆಲ್ಲುವ ವಸಾಹತುಶಾಹಿ ಹೂಟ ಎನ್ನುವವರು ಇನ್ನೊಂದು ಕಡೆ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಜನರ ಹೃದಯವನ್ನು ತಲುಪಬೇಕಾದರೆ ಜನರು ಹಾಡುವುದನ್ನೂ ಓದುವುದನ್ನೂ ತಿಳಿದಿರಬೇಕೆಂಬುದು ಮೊಗ್ಲಿಂಗರ ಘೋಷಿತ ನಿಲುವು. ಪುರಾಣಗಳ ಧರ್ಮವನ್ನು ಅವರು ಎಂದೂ ಒಪ್ಪಲಿಲ್ಲ. ಅದು ಮೀರಬೇಕಾದದ್ದು ಎಂದೇ ನಂಬಿದ್ದರು. ಆದರೆ ಹಸ್ತಪ್ರತಿಗಳನ್ನು ಹುಡುಕಿ, ಪಂಡಿತರೊಂದಿಗೆ ಕುಳಿತು ಪಾಠವನ್ನು ನಿಷ್ಕರ್ಷಿಸಿ, ಸಾಲುಸಾಲನ್ನೂ ಕಲ್ಲಿಗಿಳಿಸುವ ವರ್ಷಗಳ ದುಡಿಮೆ ಬರಿಯ ತಂತ್ರಗಾರಿಕೆಯಿಂದ ನಡೆಯುವುದಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆಯೂ, ಮತಾಂತರದ ಯಾವ ಪ್ರಯೋಜನವೂ ಉಳಿದಿರದಿದ್ದಾಗ, ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತರುತ್ತಲೇ ಇದ್ದರು. ತಾನು ಒಪ್ಪದ ದೇವರನ್ನು ಕುರಿತ ಹಾಡಿನಲ್ಲಿ ತನಗೆ ಪರಿಚಿತವಾದ ಆರ್ತತೆಯನ್ನು ಅವರು ಗುರುತಿಸಿರಬೇಕು. ಈ ಗುರುತಿಸುವಿಕೆಯನ್ನು ಅವರ ದೇವಶಾಸ್ತ್ರ ಒಳಗೊಳ್ಳಲು ಸಾಧ್ಯವಿರಲಿಲ್ಲ. ಅವರ ಗ್ರಂಥಸಂಪಾದನೆಗೆ ಇರುವ ವಿಚಿತ್ರ ಬಿಗುವು ಇದೇ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಈ ಕಾಲಘಟ್ಟದ ಮಿಶನರಿ ಬರಹಗಳನ್ನು ಕನ್ನಡ ಸಾಹಿತ್ಯ ಚರಿತ್ರೆಯ ಒಳಗೆ ತಂದು ನಿಲ್ಲಿಸಿದ ಮೇಲೆ ಸಾಮಗ್ರಿಯ ಕೊರತೆಯಂತೂ ಇಲ್ಲ; ಆದರೂ ಈ ಬಿಗುವನ್ನು ಎದುರಿಸಿದ ಅಧ್ಯಯನಗಳು ಕಡಿಮೆ.

1850ರಲ್ಲಿ ಬಾಸೆಲ್ ಮಿಶನ್ನಿನ ಮುಖ್ಯಸ್ಥರಾದ ಜೋಸೆಫ್ ಯೋಸೆನ್‌ಹಾನ್ಸ್ ಶಿಸ್ತಿನ ಮನುಷ್ಯ. 1851–52ರಲ್ಲಿ ಅವರೇ ಭಾರತಕ್ಕೆ ಬಂದು ಠಾಣೆಗಳನ್ನು ಪರಿಶೀಲಿಸಿ, ಎಲ್ಲವನ್ನೂ ಬಾಸೆಲ್ಲಿನ ಹಿಡಿತಕ್ಕೆ ತರುವ ಕಟ್ಟಳೆಗಳನ್ನು ಬಿಗಿಗೊಳಿಸಿದರು. ದೇವರ ಕರೆಯನ್ನು ನೇರವಾಗಿ ಕೇಳಿಸಿಕೊಳ್ಳುತ್ತೇನೆಂದು ನಂಬಿದ್ದ ಮೊಗ್ಲಿಂಗರಿಗೆ ಈ ವ್ಯವಸ್ಥೆ ಹೊಂದಲಿಲ್ಲ. ಹದಿನಾರು ವರ್ಷ ದುಡಿದ ಸಂಸ್ಥೆಯಲ್ಲಿ ಅವರು ಒಂಟಿಯಾಗತೊಡಗಿದ್ದರು. ಈ ಹೊತ್ತಿಗೆ ಸರಿಯಾಗಿ ಕೊಡಗಿನ ಆಲ್ಮಂಡ ಮನೆತನದ ಸೋಮಯ್ಯನವರು ಮಂಗಳೂರಿಗೆ ಬಂದರು. 1853ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಸ್ಟೆಫಾನಸ್ ಎಂಬ ಹೆಸರು ತಾಳಿದರು. ಒಕ್ಕದ ಬಂಧವೇ ಬದುಕಿನ ಆಧಾರವಾಗಿರುವ ಕೊಡವರಲ್ಲಿ ಮನೆತನದಿಂದ ಹೊರಬೀಳುವುದೆಂದರೆ ಐನ್‌ಮನೆ, ಜಮ್ಮದ ಭೂಮಿ, ಕಾರಣವರ ಆಸರೆ ಎಲ್ಲದರಿಂದ ಹೊರಬೀಳುವುದು. ಅಂಥ ಒಬ್ಬನನ್ನು ಒಬ್ಬನೇ ಊರಿಗೆ ಮರಳಲು ಬಿಡುವುದು ಮೊಗ್ಲಿಂಗರಿಗೆ ಸರಿತೋರಲಿಲ್ಲ. ಅವರೂ ಜೊತೆಗೆ ಹೊರಟರು. ಕೊಡಗಿನಲ್ಲಿ ಹೊಸ ಠಾಣೆ ತೆರೆಯುವುದಕ್ಕೆ ಬಾಸೆಲ್ ಸಮಿತಿ ಮೊದಲು ಒಪ್ಪಿಗೆ ಕೊಡಲಿಲ್ಲ. ಮೊಗ್ಲಿಂಗ್ ಕೆಲವು ಇಂಗ್ಲಿಷ್ ಸ್ನೇಹಿತರ ಸಹಾಯವನ್ನು ನೆಚ್ಚಿಕೊಂಡು ತಮ್ಮ ಹೊಣೆಯ ಮೇಲೆಯೇ ಅಲ್ಲಿ ನಿಂತರು.

ಮಲೆನಾಡಿನ ಮಳೆ, ಜ್ವರ, ಕೈಯಲ್ಲಿ ಕಾಸಿಲ್ಲದ ಸ್ಥಿತಿ ಇವುಗಳ ನಡುವೆ ಅವರು ಮಾಡಿದ ಕೆಲಸವೆಂದರೆ ಕೊಡಗನ್ನು ಬರೆದದ್ದು. ‘ಕೂರ್ಗ್ ಮೆಮಾಯರ್ಸ್’ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡಗಿನ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯ ಕನ್ನಡ ಪಠ್ಯವನ್ನು 1857ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿದರು. 1834ರಲ್ಲಿ ಚಿಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಮುಗಿದ ರಾಜ್ಯವೊಂದರ ನೆನಪು ಇನ್ನೂ ಹಸಿಯಾಗಿದ್ದ ಕಾಲವದು. ಅರಸುಮನೆತನದ ಕ್ರೌರ್ಯವನ್ನು ಎತ್ತಿಹೇಳುವುದರಲ್ಲಿ ಮೊಗ್ಲಿಂಗರ ಬರಹ ಕಂಪನಿಯ ದೃಷ್ಟಿಗೆ ಹತ್ತಿರವಾಗಿದೆಯೆಂಬ ಆಕ್ಷೇಪ ಒಪ್ಪತಕ್ಕದ್ದೇ. ಮುಂದೆ ಕೊಡಗಿನ ಬಗ್ಗೆ ಬರೆದ ರಿಕ್ಟರ್ ಮೊದಲಾದವರಿಗೆ ಅದು ಬುನಾದಿಯಾಯಿತು.

ಕೊಡವ ಮನೆತನಗಳಿಂದ ಹೆಚ್ಚಿನವರು ಸ್ಟೆಫಾನಸರನ್ನು ಹಿಂಬಾಲಿಸಲಿಲ್ಲ. ಬಂದವರು ಹೊಲೆಯರು. ಜಮ್ಮದ ಗದ್ದೆಗಳಿಗೆ ಅಂಟಿಕೊಂಡ ಜೀತದಾಳುಗಳಾಗಿದ್ದ ಅವರ ಪಾಲಿಗೆ 1843ರ ಗುಲಾಮಗಿರಿ ವಿರೋಧಿ ಕಾಯಿದೆ ಕಾಗದದ ಮೇಲಿನ ಮಾತಾಗಿತ್ತು. ಅವರಿಗೆ ದುಡಿಮೆ ಮತ್ತು ನೆಲೆ ಎರಡೂ ಬೇಕಾಗಿದ್ದವು. ಆನಂದಪುರವೆಂಬ ಹೊಸ ವಸತಿ ಹುಟ್ಟಿದ್ದು ಈ ಅಗತ್ಯದಿಂದ. ಅಲ್ಲಿ ಕೌಂಡಿನ್ಯರೂ ಗುರುವಿನೊಂದಿಗೆ ಕೈಜೋಡಿಸಿದರು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಕೌಂಡಿನ್ಯರು ಹೊಲೆಯರ ಊರಿನ ಹೊಣೆ ಹೊತ್ತದ್ದು, 1844ರ ಆ ಗದ್ದಲದಲ್ಲಿ ಯಾರೂ ಊಹಿಸಿರಲಾರದ ಪರಿಣಾಮ. ಮಲಸಮುದ್ರದಲ್ಲಿ ಉಳಿಯದೇ ಹೋದ ಒಕ್ಕಲುಗಳ ವಸತಿ ಹದಿನೈದು ವರ್ಷಗಳ ನಂತರ ಕೊಡಗಿನ ಕಾಡಿನ ನಡುವೆ, ಬೇರೆಯೇ ಜನರಿಂದ, ಬೇರೆಯೇ ಕಾರಣಕ್ಕೆ ನೆಲೆಗೊಂಡಿತು.

1855ರಲ್ಲಿ ವೈಗ್ಲೆ ತೀರಿಕೊಂಡರು. ಕಲ್ಲಚ್ಚಿನ ದಿನಗಳಿಂದ ಜೊತೆಗಿದ್ದ, ಕನ್ನಡ ಬೈಬಲಿನ ಅನುವಾದಕ್ಕೆ ತಮ್ಮ ಬಲವನ್ನೆಲ್ಲ ಧಾರೆಯೆರೆದ ಸಹೋದರನ ಸಾವು ಮೊಗ್ಲಿಂಗರಿಗೆ ಬಿದ್ದ ಭಾರಿ ಪೆಟ್ಟು. ಮುಂದೆ ಅವರು ವೈಗ್ಲೆಯವರ ವಿಧವೆ ಪೌಲೀನೆಯವರನ್ನು ಮದುವೆಯಾಗಿ, ಅವರ ಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟನ್ನು ನೀಡಿತು. ಕನ್ನಡದ ಕೆಲಸಕ್ಕಾಗಿ ಅದೇ ವಿಶ್ವವಿದ್ಯಾನಿಲಯ ಕಿಟ್ಟೆಲ್ ಅವರನ್ನು ಗೌರವಿಸಿದ್ದು 1896ರಲ್ಲಿ, ಅಂದರೆ ಸುಮಾರು ನಾಲ್ಕು ದಶಕಗಳ ನಂತರ. ಕೊಡಗಿನ ಗುಡ್ಡದ ನಡುವೆ ಹಣದ ಮುಗ್ಗಟ್ಟಿನಲ್ಲಿದ್ದ ಮೊಗ್ಲಿಂಗರಿಗೆ ಆ ಪದವಿಯಿಂದ ಆದ ಲೌಕಿಕ ಪ್ರಯೋಜನ ಅಷ್ಟಕ್ಕಷ್ಟೆ.

ಪತ್ನಿಯ ಆರೋಗ್ಯ ಕೆಟ್ಟದ್ದರಿಂದ 1860ರಲ್ಲಿ ಮೊಗ್ಲಿಂಗ್ ಸ್ವದೇಶಕ್ಕೆ ಹೊರಟರು. ಮತ್ತೆ ಅವರು ಕನ್ನಡ ನಾಡನ್ನು ಕಾಣಲಿಲ್ಲ. ಉಳಿದ ಎರಡು ದಶಕಗಳನ್ನು ವ್ಯೂರ್ಟೆಂಬರ್ಗಿನಲ್ಲಿ ಕಳೆದರು. ಕೊಡಗನ್ನು ಕುರಿತು ವೈಟ್‌ಬ್ರೆಕ್ಟ್ ಅವರೊಂದಿಗೆ ಬರೆದ ಜರ್ಮನ್ ಪುಸ್ತಕ 1866ರಲ್ಲಿ ಹೊರಬಂತು. ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ದಾಸರ ಪದಗಳ ಮತ್ತು ಜೈಮಿನಿ ಭಾರತದ ಭಾಗಗಳ ಅನುವಾದಗಳನ್ನು ಪ್ರಕಟಿಸಿದರು. ಕನ್ನಡವೆಂಬ ಭಾಷೆಯೊಂದಿದೆ, ಅದರಲ್ಲಿ ಹಾಡಲು ಯೋಗ್ಯವಾದ ಕಾವ್ಯವಿದೆ ಎಂಬುದನ್ನು ಸಂಸ್ಕೃತದಲ್ಲಿಯೇ ಮುಳುಗಿದ್ದ ಜರ್ಮನ್ ವಿದ್ವಾಂಸರ ಮುಂದೆ ಇಟ್ಟ ಮೊದಲಿಗರಲ್ಲಿ ಅವರೊಬ್ಬರು.

1881ರ ಮೇ 10ರಂದು ಎಸ್ಲಿಂಗನ್ ಎಂಬಲ್ಲಿ ಮೊಗ್ಲಿಂಗ್ ನಿಧನರಾದರು. ಅವರ ಜೀವನಚರಿತ್ರೆಯನ್ನು ಮರುವರ್ಷ ಬರೆದು ಪ್ರಕಟಿಸಿದವರು ಹರ್ಮನ್ ಗುಂಡರ್ಟ್. ತಲಶ್ಶೇರಿಯಲ್ಲಿ ಕುಳಿತು ಮಲಯಾಳಕ್ಕೆ ಪತ್ರಿಕೆಯನ್ನೂ ನಿಘಂಟನ್ನೂ ಕೊಟ್ಟ ಗುಂಡರ್ಟ್, ಮೊಗ್ಲಿಂಗರ ಯೌವನದ ಗೆಳೆಯ. ಕೌಂಡಿನ್ಯರು ಕರ್ನಾಟಕದಲ್ಲಿಯೇ ತಮ್ಮ ಕೆಲಸವನ್ನು ಮುಂದುವರಿಸಿ, ಗುರುವಿನ ನಂತರ ಹನ್ನೆರಡು ವರ್ಷ ಬದುಕಿದ್ದು 1893ರಲ್ಲಿ ತೀರಿಕೊಂಡರು.